ನೀರನ್ನು ಕರೆದ ರಸದಾನಿ ಅಜ್ಜಿ

ಅವರೆ ಗಿಡದ ಬೇರಿನ ತುದಿಯಲ್ಲಿ ಒಂದು ರಾಜ್ಯ ಇತ್ತು. ಎಷ್ಟು ದೊಡ್ಡದು ಅಂತೀರಾ? ಸಾಸಿವೆ ಕಾಳಿನ ಮೇಲೆ ಅಂಥ ಸಾವಿರಾರು ರಾಜ್ಯ ಹಿಡಿಸುತ್ತವೆ. ನಗಬೇಡ್ರೋ, ರಾಜ್ಯ ಅಂದಮೇಲೆ ರಾಜ್ಯವೇ! ಮೇಷ್ಟ್ರು ಅದಕ್ಕೆ ಜೀವಕೋಶ ಅಂತಾರೆ.

ಕೇಂದ್ರರಾಯ ಅಲ್ಲಿನ ರಾಜ. ಕೂತ ಜಾಗ ಬಿಟ್ಟು ಏಳುವವನಲ್ಲ, ಅಪ್ಪಣೆ ಮಾತ್ರ ಜೋರು. ಹೊರಗೆ ಗಟ್ಟಿ ಕೋಟೆಗೋಡೆ. ಗೋಡೆಯ ಒಳಮೈಗೆ ಅಂಟಿಕೊಂಡು ತೆಳ್ಳಗಿನ ಪೊರೆಯಮ್ಮ, ಕಾವಲಿನವಳು. ಬಂದವರನ್ನೆಲ್ಲ ತಡೆದು ವಿಚಾರಿಸುವಳು, ನೀರನ್ನು ಮಾತ್ರ ತಡೆಯಳು. ಬರುತ್ತೀಯಾ ಬಾ, ಹೋಗುತ್ತೀಯಾ ಹೋಗು. ಅದು ಅಲ್ಲಿನ ಪದ್ಧತಿ. ನಡುವೆ ಹೊಟ್ಟೆ ತುಂಬ ನೀರು ಇಟ್ಟುಕೊಂಡು ಕೂತವಳು ರಸದಾನಿ ಅಜ್ಜಿ. ಅವಳು ತುಂಬಿದ್ದರೆ ರಾಜ್ಯ ಬಿಗಿಯಾಗಿ ನಿಲ್ಲುತ್ತಿತ್ತು.

ಒಂದು ದಿನ ಯಾರೋ ಪುಣ್ಯಾತ್ಗಿತ್ತಿ ಉಪ್ಪಿನಕಾಯಿ ಜಾಡಿ ತೊಳೆದ ನೀರನ್ನು ಗಿಡದ ಬುಡಕ್ಕೆ ಸುರಿದಳು. ದಂಡು ಕಟ್ಟಿಕೊಂಡು ಉಪ್ಪಣ್ಣ ಬಂದ. ಕೋಟೆಯ ಹೊರಗೆ ಕೂತು ಮೀಸೆ ತಿರುವಿದ.

"ನೀರೇ, ಇತ್ತ ಬಾ! ನಮ್ಮ ಕಡೆ ಜನ ಜಾಸ್ತಿ!"

ನೀರಿನ ಬುದ್ಧಿ ಹೇಳುತ್ತೇನೆ ಕೇಳಿ. ಉಪ್ಪು, ಸಕ್ಕರೆಯಂಥ ಕರಗಿದವರ ಜಂಗುಳಿ ಎಲ್ಲಿ ಹೆಚ್ಚೋ ಅತ್ತಲೇ ಅದರ ಓಟ. ಹನಿಹನಿಯಾಗಿ ಹೊರಟೇ ಹೋಯಿತು. ಅಜ್ಜಿಯ ಹೊಟ್ಟೆ ಸುಕ್ಕುಗಟ್ಟಿತು. ಪೊರೆಯಮ್ಮ ಗೋಡೆ ಬಿಟ್ಟು ಮುದುಡಿದಳು. ಮೇಲೆ ಎಲೆಗಳು ಜೋತುಬಿದ್ದವು. ಹೀಗೇ ಬಿಟ್ಟರೆ ರಾಜ್ಯ ಸತ್ತಂತೆಯೇ.

ಮೊದಲು ಅಜ್ಜಿ ಕರೆದಳು. "ಬಾರೇ ಕಂದ. ನೀನಿಲ್ಲದೆ ಮೈಯೆಲ್ಲ ಪೊಳ್ಳು."

ಕೊನೆಗೆ ಹೋದ ಹನಿ ಹೊರಗಿನಿಂದ ಕೂಗಿತು. "ನನಗೂ ಆಸೆಯೇ ಅಜ್ಜೀ. ಕಾಲು ಕೇಳಬೇಕಲ್ಲ!"

ಆಮೇಲೆ ರಾಜ ಗದರಿದ. "ಪೊರೆಯಮ್ಮ, ಬಾಗಿಲು ಹಾಕು!"

"ಯಾವ ಬಾಗಿಲು ಒಡೆಯಾ? ನೀರು ನನ್ನ ಮೈಯಲ್ಲೇ ನುಸುಳುತ್ತೆ."

ಮೂರನೆಯದಾಗಿ ಅಜ್ಜಿ ಯೋಚಿಸಿದಳು. ರಾಜನ ಕಣಜದಲ್ಲಿ ಪಿಷ್ಟದ ಮೂಟೆಗಳಿದ್ದವು.

"ಮೂಟೆ ಬಿಚ್ಚಪ್ಪಾ."

"ಅಯ್ಯೋ! ಹೂ ಬಿಡುವ ಕಾಲಕ್ಕೆ ಕೂಡಿಟ್ಟಿದ್ದು! ಇಷ್ಟು ಮೂಟೆ ಇದ್ದೂ ನೀರು ನಿಲ್ಲಲಿಲ್ಲವಲ್ಲ?"

"ಕಟ್ಟಿದ ಮೂಟೆಯನ್ನು ನೀರು ಮೂಸಿಯೂ ನೋಡಲ್ಲ. ಬಿಚ್ಚಿ ಸಕ್ಕರೆ ಮಾಡು, ಒಂದು ಮೂಟೆ ಕರಗಿ ಸಾವಿರ ತಲೆಯಾಗುತ್ತೆ. ಗಿಡವೇ ಸತ್ತಮೇಲೆ ಹೂವು ಯಾರ ತಲೆಗೆ ಮುಡಿಸ್ತೀಯೋ?"

ರಾಜ ಕಣ್ಣು ಮುಚ್ಚಿಕೊಂಡು ಕತ್ತರಿಯವರನ್ನು ಕರೆಸಿದ. ಅವರೇ ಕಿಣ್ವಗಳು. ಕಚ ಕಚ ಕಚ! ಪಿಷ್ಟ ಸಕ್ಕರೆಯಾಯಿತು. ಸಕ್ಕರೆ ಅಜ್ಜಿಯ ಹೊಟ್ಟೆ ಸೇರಿತು.

ಉಪ್ಪಣ್ಣ ನಕ್ಕ. "ಏನಜ್ಜಿ, ಪಾಯಸವಾ?"

"ಹೌದಪ್ಪ. ನಿನ್ನ ಕೈ ಬಿದ್ದರೆ ಕೆಡುತ್ತೆ, ಹೊರಗೇ ಇರು."

ಈಗ ಜಂಗುಳಿ ಒಳಗೆ ಹೆಚ್ಚಾಯಿತು. ನೀರು ಕತ್ತು ಹೊರಳಿಸಿತು. ಉಪ್ಪಣ್ಣ ಒಮ್ಮೆ ಕರೆದ, ಎರಡು ಸಲ ಕರೆದ, ಮೂರು ಸಲ ಕರೆದ. ನೀರು ತಿರುಗಿ ನೋಡಲಿಲ್ಲ.

"ಜನ ಎಲ್ಲಿ ಜಾಸ್ತಿಯೋ ಅಲ್ಲಿಗೆ ಹೋಗು ಅಂತ ನೀನೇ ಕಲಿಸಿದ್ದಲ್ಲೋ!" ಅಂದಳು ಪೊರೆಯಮ್ಮ, ಮತ್ತೆ ಗೋಡೆಗೆ ಅಂಟಿಕೊಳ್ಳುತ್ತ.

ಬಿಸಿಲು ಏರಿತು. ಉಪ್ಪಣ್ಣ ಮಣ್ಣಿನ ಮೇಲೆ ಬಿಳೀ ಹಕ್ಕಳೆಯಾಗಿ ಒಣಗಿಹೋದ.

ಅಜ್ಜಿ ಮಾತ್ರ ಒಳಗೆ ಬಂದ ಒಂದೊಂದು ಹನಿಯನ್ನೂ ತಡವಿ ಕೇಳಿದಳು. "ಕೊನೆಗೆ ಹೋದವಳು ನೀನೇನೇ?"

"ಅಲ್ಲ ಅಜ್ಜಿ."

"ನೀನಾ?"

"ನಾನೂ ಅಲ್ಲ ಅಜ್ಜಿ. ನಾನು ಮೊನ್ನೆಯ ಮಳೆಯವಳು."

ಅಜ್ಜಿ ಗೋಡೆಯಾಚೆ ಒಮ್ಮೆ ನೋಡಿದಳು. ಆಮೇಲೆ, "ಇರಲಿ ಬಾರೇ, ಜಾಗ ಇದೆ" ಅಂದಳು.

ಇದರ ನೀತಿ ಇಷ್ಟೇ ಕಣ್ರೋ: ಹೋಗುವವರು ಬೇಡಿಕೊಂಡರೂ ನಿಲ್ಲರು, ಬಾಗಿಲು ಹಾಕಿದರೂ ನಿಲ್ಲರು. ಕಟ್ಟಿಟ್ಟಿದ್ದನ್ನು ಬಿಚ್ಚಿದವರ ಮನೆ ತುಂಬುತ್ತದೆ. ಹೋದವರೇ ಬರಲಿ ಅಂತ ಮಾತ್ರ ಹಟ ಹಿಡಿಯಬೇಡಿ, ಬಂದವರನ್ನು ಕೂರಿಸಿಕೊಳ್ಳಿ.