ನಡುಕದ ಕಟ್ಟೆ

ಸೀಗೆಕಣಿವೆಯ ಕೆರೆಯ ಏರಿ ನೂರೈವತ್ತು ಮಾರು ನೆಟ್ಟಗೆ ಬಂದು, ನಡುವೆ ಇದ್ದಕ್ಕಿದ್ದಂತೆ ಕುಡುಗೋಲಿನ ಹಾಗೆ ಕೆರೆಯ ಕಡೆಗೆ ಬಾಗಿ, ಮತ್ತೆ ನೆಟ್ಟಗಾಗುತ್ತದೆ. ಬಾಗಿನ ಮಗ್ಗುಲಲ್ಲಿ ಹಳೆಯ ಹೊಂಗೆಮರಗಳ ತೋಪು. ತೋಪಿನ ಅಂಚಿಗೆ, ಏರಿಯ ಬುಡದಲ್ಲಿ, ಇಬ್ಬರು ಕೂರುವಷ್ಟು ಅಗಲದ ಒಂದು ಚಪ್ಪಟೆ ಬಂಡೆ. ಅದರ ನಡುವೆ ಬಟ್ಟಲು ಕೂರುವಷ್ಟು ಗುಳಿ. ಇದೇ ನಡುಕದ ಕಟ್ಟೆ. ಹೊಸಬರಿಗೆ ಹೆಸರು ಕೇಳಿದೊಡನೆ ದೆವ್ವ ನೆನಪಾಗುತ್ತದೆ, ನಮ್ಮೂರ ಹುಡುಗರೂ ಇಲ್ಲದ ದೆವ್ವಕ್ಕೆ ಕೈಕಾಲು ಹಚ್ಚಿ ಹೇಳುತ್ತಾರೆ. ನಾನು ಈ ಕೆರೆಯ ನೀರಗಂಟಿ ಮನೆತನದವನು. ತೂಬು ತೆಗೆಯುವುದು, ಮುಚ್ಚುವುದು, ಏರಿ ಕಾಯುವುದು ಏಳು ತಲೆಯಿಂದ ನಮ್ಮ ಕೆಲಸ. ಆದ್ದರಿಂದ ಹೇಳುತ್ತೇನೆ, ಅಲ್ಲಿ ನಡುಗಿದ್ದು ದೆವ್ವ ಕಂಡವನಲ್ಲ, ಕಲಿಸುವ ಗುರು.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಈ ಸೀಮೆಯಲ್ಲಿ ಮಾಳಯ್ಯ ಎಂಬ ನೆಲಗಾರನಿದ್ದನಂತೆ. ಕೆರೆ ಎಲ್ಲಿ ನಿಲ್ಲಬೇಕು, ತೋಪು ಎಲ್ಲಿ ಬೆಳೆಯಬೇಕು, ದನ ನೀರಿಗಿಳಿಯುವ ಹಾದಿ ಯಾವ ಕಡೆಯಿಂದ ಬರಬೇಕು ಎಂದು ಬೋಳು ಬಯಲನ್ನು ನೋಡಿಯೇ ಹೇಳುವವನು ಅವನು. ಹನ್ನೊಂದು ಕೆರೆಗೆ ಗೆರೆ ಎಳೆದಿದ್ದ, ನಲವತ್ತು ವರ್ಷ ಶಿಷ್ಯರಿಗೆ ಕಲಿಸಿದ್ದ. ಅವನ ಕಲಿಸುವಿಕೆಯೇ ವಿಚಿತ್ರ. ಮೊದಲ ವರ್ಷ ಯಾರೂ ಗುದ್ದಲಿ ಮುಟ್ಟುವಂತಿಲ್ಲ. ಮಳೆ ಬಂದಾಗ ಮಡಿಲಲ್ಲಿ ರಾಗಿಹೊಟ್ಟು ತುಂಬಿಕೊಂಡು ಹೋಗಬೇಕು, ಹರಿವ ನೀರಿಗೆ ಚೆಲ್ಲಬೇಕು, ಹೊಟ್ಟು ಹೋದ ಕಡೆಗೆಲ್ಲ ನೆನೆಯುತ್ತ ನಡೆಯಬೇಕು. ಅದು ಎಲ್ಲಿ ಸುಳಿಯಿತು, ಎಲ್ಲಿ ನೆಲದೊಳಗೆ ಇಂಗಿ ಮಾಯವಾಯಿತು ಎಂಬುದನ್ನು ಸಂಜೆ ಬಂದು ಒಪ್ಪಿಸಬೇಕು. ಕೆರೆ ಮೊದಲ ಸಲ ತುಂಬುವ ದಿನ ಗೆರೆ ಎಳೆದವನು ಏರಿಯ ಬುಡದಲ್ಲೇ ಕೂರಬೇಕು, ಕೋಡಿ ಹರಿಯುವ ತನಕ ಏಳಕೂಡದು ಎಂಬುದು ಆ ಕಾಲದ ಕಟ್ಟಳೆ ಎನ್ನುತ್ತಾರೆ. ಹನ್ನೊಂದು ಸಲವೂ ಮಾಳಯ್ಯ ಕೂತಿದ್ದ, ಹನ್ನೊಂದು ಸಲವೂ ಗೆರೆ ತಪ್ಪಿದ್ದರೆ ಕೆಳಗಿನವರ ಗತಿಯೇನೆಂದು ಗಡಗಡ ನಡುಗಿದ್ದ. ಬಟ್ಟಲು ಹಿಡಿದರೆ ಚೆಲ್ಲುತ್ತದೆಂದು ಪಕ್ಕದಲ್ಲೇ ಇಟ್ಟುಕೊಂಡು, ಬಗ್ಗಿ ಮಜ್ಜಿಗೆ ಹೀರುತ್ತಿದ್ದನಂತೆ. ಗುರುಗಳ ಕೈಗೆ ಮೊಸರು ಕೊಟ್ಟರೆ ಸಾಕು, ಕಡೆಗೋಲು ಬೇಡ ಎಂದು ಜನ ನಗುತ್ತಿದ್ದರು. ಅವನಿಗೆ ಅದರಿಂದ ನಾಚಿಕೆಯೇನೂ ಆಗುತ್ತಿರಲಿಲ್ಲ.

ಸೀಗೆಕಣಿವೆಯದು ಹನ್ನೆರಡನೆಯ ಕೆರೆ. ಅಷ್ಟರಲ್ಲಿ ಮಾಳಯ್ಯನ ಕಣ್ಣಿಗೆ ಪೊರೆ ಬಂದು, ಗೆರೆ ಎಳೆಯುವ ಕೆಲಸ ಹಿರಿಯ ಶಿಷ್ಯ ಬೊಮ್ಮಲಿಂಗನ ಪಾಲಿಗೆ ಬಂತು. ಬೊಮ್ಮಲಿಂಗ ಜಾಣ, ಗಟ್ಟಿಗ, ಹೆದರಿಕೆಯೆಂದರೆ ಏನೆಂದು ಅರಿಯದವನು. ಮುಂದಿನ ಮಳೆಗೇ ಕೆರೆ ತುಂಬಬೇಕೆಂದು ಪಾಳೆಯಗಾರ ಅವಸರ ಮಾಡಿದ. ಬೊಮ್ಮಲಿಂಗ ಬಿರುಬೇಸಿಗೆಯಲ್ಲಿ ಬಂದು, ಅಂಗೈಯಂತೆ ಬಯಲಾಗಿದ್ದ ನೆಲ ನೋಡಿ, ನೆಟ್ಟಗೆ ಹಗ್ಗ ಎಳೆದುಬಿಟ್ಟ. “ಹೊಟ್ಟು ಚೆಲ್ಲಿ ನೋಡ್ದ್ಯೇನಪ್ಪ?” ಎಂದು ಗುರು ಕೇಳಿದ. “ಚೆಲ್ಲೀನಿ ಗುರುವೇ” ಎಂದು ಶಿಷ್ಯ ಸುಳ್ಳು ಹೇಳಿದ. ಏರಿ ಎದ್ದಿತು. ಅದರ ಕೆಳಗೆ ಕೂಗಳತೆಯಲ್ಲಿ ಕೆಲಸಗಾರರ ನಲವತ್ತು ಮನೆಗಳ ಕೇರಿಯೂ ಎದ್ದಿತು. ಅವುಗಳಲ್ಲೊಂದು ಬೊಮ್ಮಲಿಂಗನದು, ಅವನ ಹೆಂಡತಿ ಹೆತ್ತು ಒಂಬತ್ತು ದಿನವಾಗಿತ್ತು.

ಮೂರು ದಿನ ಬಿಡದೆ ಮಳೆ ಹೊಯ್ದು ನಾಲ್ಕನೆಯ ದಿನ ಬೆಳಗ್ಗೆ ಹೊಳವಾಯಿತು. ಕೆರೆ ಕೋಡಿಗೆ ಎರಡು ಗೇಣು ಬಾಕಿ. ಕಟ್ಟಳೆಯಂತೆ ಬೊಮ್ಮಲಿಂಗ ಏರಿಯ ಬುಡದ ಇದೇ ಬಂಡೆಯ ಮೇಲೆ ಕಾಲು ಚಾಚಿ ಕೂತು ಪದ ಹಾಡುತ್ತಿದ್ದ. ಏರಿಯ ಮೇಲೆಲ್ಲ ಜನ. ಆಗ ಮಾಳಯ್ಯ ಕೋಲೂರಿಕೊಂಡು, ಯಾರೂ ಕರೆಯದಿದ್ದರೂ ಬಂದು, ಶಿಷ್ಯನ ಪಕ್ಕದಲ್ಲಿ ಕೂತು, ಮಜ್ಜಿಗೆಯ ಬಟ್ಟಲನ್ನು ಬಂಡೆಯ ಗುಳಿಯಲ್ಲಿಟ್ಟ. ಕೂತೊಡನೆ ನಡುಕ ಶುರುವಾಯಿತು. ಮೇಲಿನವರು ಕೇಕೆ ಹಾಕಿ ನಕ್ಕರು. ಬೊಮ್ಮಲಿಂಗನಿಗೆ ತಲೆ ಎತ್ತಲಾಗದಂತಾಯಿತು.

“ಗುರುವೇ, ಗೆರೆ ನಂದು, ಕೂರೋನೂ ನಾನೇ. ಜನ ನಗ್ತಾ ಅವ್ರೆ, ಮನೀಗೆ ನಡೀರಿ” ಎಂದ.

ಮಾಳಯ್ಯ ಮೊದಲು ಕೈಗಳನ್ನು ಬಂಡೆಯಿಂದ ಎತ್ತಿದ. ಆಮೇಲೆ ಕೋಲೂರಿ ಎದ್ದು, ಬಂಡೆ ಬಿಟ್ಟು ಹುಲ್ಲಿನ ಮೇಲೆ ನಿಂತ. ಬೊಮ್ಮಲಿಂಗನನ್ನೂ ರಟ್ಟೆ ಹಿಡಿದು ಇಳಿಸಿದ. “ನನ್ ನಡುಕ ನಂಗೆ ಗೊತ್ತೈತೆ ಕಣಪ್ಪ, ನಲವತ್ತು ವರ್ಷದ್ದು. ಇದು ನಂದಲ್ಲ ಅನ್ಸುತ್ತೆ. ನಂಗೆ ಕಣ್ಣಿಲ್ಲ, ನೀನೇ ನೋಡಿ ಹೇಳು. ಮಜ್ಜಿಗಿ ನಿಂತೈತಾ?”

ಮಜ್ಜಿಗೆ ನಿಂತಿರಲಿಲ್ಲ. ಬಂಡೆಯ ಮೇಲೆ ಯಾರೂ ಇಲ್ಲ, ಗಾಳಿಯೂ ಇಲ್ಲ, ಆದರೂ ಬಟ್ಟಲಿನೊಳಗೆ ಸಣ್ಣ ಅಲೆಗಳು ಅಂಚಿನಿಂದ ನಡುವಿಗೆ ಬರುತ್ತಲೇ ಇದ್ದವು. ಬೊಮ್ಮಲಿಂಗ ಕಿವಿಯನ್ನು ಬಂಡೆಗೆ ಹಚ್ಚಿದ. ಕೆಳಗೆಲ್ಲೋ ನೀರು ಮರಳು ತಿನ್ನುವ ಸದ್ದು. ಹೂತುಹೋದ ಹಳೆಯ ಹಳ್ಳವೊಂದರ ಮೇಲೆಯೇ ಅವನು ಏರಿ ಎಳೆದಿದ್ದ. ಒಂದು ಮಳೆಗೆ ಹೊಟ್ಟು ಚೆಲ್ಲಿದ್ದರೆ ಅಲ್ಲೇ ಇಂಗಿ ತೋರಿಸುತ್ತಿತ್ತು. ಹುಟ್ಟಿದಂದಿನಿಂದ ಕಾಣದ ಹೆದರಿಕೆಯೆಲ್ಲ ಒಟ್ಟಿಗೆ ಬಂದು ಅವನನ್ನು ನಡುಗಿಸಿತು. “ಹೊಟ್ಟು ಚೆಲ್ಲಿರ್ಲಿಲ್ಲ ಗುರುವೇ” ಎಂದವನು, ಕೇರಿಯ ಕಡೆಗೊಮ್ಮೆ ನೋಡಿ, ಕೋಡಿಯತ್ತ ಓಡಿದ. “ಕೋಡಿ ಒಡೀರೋ! ಕಲ್ಲು ಕೀಳ್ರೋ! ಕೇರಿ ಹೋಗ್ತೈತೆ!” ಎಂದು ಅರಚಿದ. ತುಂಬುತ್ತಿರುವ ಕೆರೆಯನ್ನು ಒಡೆಯುವುದೆಂದರೆ ವರ್ಷದ ಗದ್ದೆಯನ್ನು ಕಳೆದುಕೊಂಡಂತೆ, ಜನ ಮಿಸುಕಲಿಲ್ಲ. ಬೊಮ್ಮಲಿಂಗನೇ ಕೈಯಲ್ಲಿ ಕಲ್ಲು ಕಿತ್ತ, ಉಗುರು ಕಿತ್ತುಬಂದರೂ ಬಿಡಲಿಲ್ಲ. ಅವನ ಮುಖ ಕಂಡ ಮೇಲೆ ಉಳಿದವರೂ ಕೈಹಾಕಿದರು. ಹೆಂಗಸರು ಕೂಸುಗಳನ್ನು ಕಂಕುಳಿಗೇರಿಸಿ ದಿಬ್ಬಕ್ಕೆ ಓಡಿದರು, ಬಾಣಂತಿಯನ್ನು ಮಂಚದ ಸಮೇತ ಹೊತ್ತೊಯ್ದರು. ನೀರು ಬೋರಿಟ್ಟು ಮಗ್ಗುಲ ಕಣಿವೆಗೆ ನುಗ್ಗಿತು. ಹೊತ್ತು ಇಳಿಯುವಷ್ಟರಲ್ಲಿ ಕೆರೆ ಅರ್ಧಕ್ಕೆ ಬಂದಿತ್ತು. ಆಗ ಏರಿಯ ನಡುಭಾಗ, ಬಂಡೆಯ ನೇರಕ್ಕೆ, ಹತ್ತು ಬಂಡಿಯಷ್ಟು ಮಣ್ಣು ಉದುರಿಸಿ ಕುಸಿಯಿತು. ಉಳಿದ ನೀರು ಆ ಕಂಡಿಗಿಂತ ಎರಡು ಮೊಳ ಕೆಳಗಿತ್ತು.

ಕೆರೆ ಒಡೆಸಿದವರಾರೆಂದು ಪಾಳೆಯಗಾರ ಕತ್ತಿಗೆ ಕೈಹಾಕಿ ಬಂದನಂತೆ. “ಗೆರೆ ಎಳ್ದೋನು ನಾನು, ಸುಳ್ಳು ಹೇಳ್ದೋನು ನಾನು, ಒಡೆಸ್ದೋನೂ ನಾನೇ” ಎಂದು ಬೊಮ್ಮಲಿಂಗ ತಲೆ ಬಗ್ಗಿಸಿ ನಿಂತ. ಪಾಳೆಯಗಾರ ಕುಸಿದ ಏರಿಯನ್ನು ನೋಡಿದ, ನಿಂತಿರುವ ಕೇರಿಯನ್ನು ನೋಡಿದ, ಕತ್ತಿಯಿಂದ ಕೈ ತೆಗೆದು ಕುದುರೆ ತಿರುಗಿಸಿದ. ಇನ್ನು ತನಗೆ ಈ ವಿದ್ಯೆ ಬೇಡವೆಂದು ಶಿಷ್ಯ ಗುರುವಿನ ಕಾಲಿಗೆ ಬಿದ್ದ. ಮಾಳಯ್ಯ ತಡಕಾಡಿ ಅವನ ಕೈ ಹಿಡಿದುಕೊಂಡ. ಆ ಕೈ ಇನ್ನೂ ನಡುಗುತ್ತಿತ್ತು. ಸೊಂಟದ ಅಳತೆಹಗ್ಗ ಬಿಚ್ಚಿ ಅದರಲ್ಲಿಟ್ಟು, “ಇದೊಂದನ್ನ ಕಲ್ಸಕ್ಕೆ ನಂಗೆ ಬಂದಿರ್ಲಿಲ್ಲ. ಈಗ ಹಗ್ಗ ತಗೋ” ಎಂದನಂತೆ. ಮುಂದಿನ ವರ್ಷ ಬೊಮ್ಮಲಿಂಗ ಹೊಟ್ಟಿನ ಹಿಂದೆ ನಡೆದು, ಹಳ್ಳ ಬಿಟ್ಟು, ನೆಲದೊಳಗಿನ ಗಟ್ಟಿ ಕಲ್ಲಿನ ಮೇಲೆ ಏರಿಯನ್ನು ಬಾಗಿಸಿ ಕಟ್ಟಿದ; ಹೂತ ಹಳ್ಳದ ಮೇಲೆ ಹೊಂಗೆ ನೆಟ್ಟ. ಅಂದಿನಿಂದ ಸಾಯುವ ತನಕ ಒಂಬತ್ತು ಕೆರೆಗಳ ಬುಡದಲ್ಲಿ ಕೂತ, ಒಂಬತ್ತು ಸಲವೂ ನಡುಗಿದ ಎನ್ನುತ್ತಾರೆ.

ಆ ಬಾಗು, ಆ ತೋಪು, ಆ ಗುಳಿ ಇಂದಿಗೂ ಇವೆ. ಕೆರೆ ಕೋಡಿಗೆ ಬಂದ ದಿನ ನೀರಗಂಟಿ ಮನೆಯವರು ಬಂಡೆಯ ಗುಳಿಯಲ್ಲಿ ಮಜ್ಜಿಗೆಯ ಬಟ್ಟಲಿಟ್ಟು, ಕೆಳಗೆ ಇಳಿದು ನಿಂತು ನೋಡುವುದು ವಾಡಿಕೆ. ಹೋದ ವರ್ಷದ ದೊಡ್ಡ ಮಳೆಗೆ ನಾನೂ ಇಟ್ಟೆ. ಏರಿಯ ಕೆಳಗಿನ ಆ ಕೇರಿ ಈಗ ನಾನೂರು ಮನೆಯ ಊರು, ಅದರಲ್ಲೊಂದು ನನ್ನದು. ಸುಳ್ಳೇಕೆ ಹೇಳಲಿ, ಹೊಂಗೆಯ ಕೊಂಬೆ ಹಿಡಿದುಕೊಂಡೇ ನಿಂತಿದ್ದೆ, ಕೊಂಬೆಯ ಎಲೆಯೆಲ್ಲ ಅಲುಗುತ್ತಿತ್ತು. ಮಜ್ಜಿಗೆ ಮಾತ್ರ ಅಲುಗಲಿಲ್ಲ.