ಚಾಪೆಯ ಕೆಳಗೆ ಕೂತವರು

ಸಮೋವಾ ದ್ವೀಪದ ಕಡಲಂಚಿನ ಒಂದು ಊರಿನಲ್ಲಿ ಲೂಪೆಯ ಮನೆತನಕ್ಕಿಂತ ಹಳೆಯ ಮನೆತನವಿರಲಿಲ್ಲ. ಏಳು ತಲೆಮಾರಿನಿಂದ ಊರ ಸಭೆಯಲ್ಲಿ ಮೊದಲ ಮಾತು ಅವರದು. ಆ ಮನೆಯ ಹೆಂಗಸರು ಹೆಣೆದ ಚಾಪೆಯಿಲ್ಲದೆ ಅಲ್ಲಿ ಮದುವೆಯಾಗಲಿ, ಶವಸಂಸ್ಕಾರವಾಗಲಿ ನಡೆದದ್ದಿಲ್ಲ. ಅವರು ಯಾರ ಮುಂದಾದರೂ ತಲೆ ತಗ್ಗಿಸಿದ್ದನ್ನು ಕಂಡವರೂ ಇಲ್ಲ.

ಲೂಪೆ ಚಾಪೆ ಹೆಣೆಯುವುದನ್ನು ಸೆಫಿನಾ ಎಂಬ ವೃದ್ಧೆಯಿಂದ ಕಲಿಯುತ್ತಿದ್ದಳು. ಕೇದಗೆಯ ಎಲೆಯನ್ನು ನೂಲಿನಷ್ಟು ಸಣ್ಣಗೆ ಸೀಳಿ, ಬಟ್ಟೆಯಷ್ಟು ಮೆತ್ತಗೆ ಹೆಣೆಯುವ ವಿದ್ಯೆ ಅದು. ಒಂದು ಚಾಪೆಗೆ ವರ್ಷವೇ ಹಿಡಿಯುತ್ತದೆ. ಲೂಪೆಯ ಚಾಪೆ ಮುಗಿದಿತ್ತು. ಅಂಚಿಗೆ ಹಕ್ಕಿಯ ಕೆಂಪು ಗರಿಗಳನ್ನು ಕಟ್ಟುವುದಷ್ಟೇ ಬಾಕಿ.

ಅವಳ ಪಕ್ಕದಲ್ಲಿ ತಲಿತಾ ಎಂಬ ಹುಡುಗಿ ಕೂರುತ್ತಿದ್ದಳು. ತಲಿತಾಳ ಮನೆಯವರು ಮೂಲತಃ ಪಕ್ಕದ ದ್ವೀಪದವರು. ಅಲ್ಲಿನ ಬೆಟ್ಟ ಬೆಂಕಿ ಕಾರಿ, ಅವರ ಮನೆ, ತೋಟ, ಹಿರಿಯರ ಗೋರಿ ಎಲ್ಲವೂ ಕಪ್ಪು ಕಲ್ಲಿನ ಕೆಳಗೆ ಹೂತುಹೋದವು. ಅವರು ದೋಣಿಯಲ್ಲಿ ಬಂದು ಈ ಊರಿನ ಕೊನೆಯಲ್ಲಿ ನೆಲೆಸಿದರು.

ಲೂಪೆ ಗರಿ ಕಟ್ಟಿ ಮುಗಿಸಿದ ದಿನ ತಲಿತಾ ಆ ಚಾಪೆಯನ್ನು ಬೆರಳಿನಿಂದ ಸವರಿದಳು.

"ಚೆನ್ನಾಗಿದೆ ಲೂಪೆ. ಅಂಚು ಮಾತ್ರ ಸ್ವಲ್ಪ ಬಿಗಿಯಾಯಿತು."

ಲೂಪೆ ಅಲ್ಲಿದ್ದ ಹೆಂಗಸರಿಗೆಲ್ಲ ಕೇಳುವಂತೆ ಹೇಳಿದಳು: "ಹೊಗೆ ಕಂಡು ಓಡಿಬಂದವರು ನನಗೆ ಕಲಿಸಬೇಕೇ? ನಿಮ್ಮ ಹಿರಿಯರ ಗೋರಿ ಎಲ್ಲಿದೆ, ತೋರಿಸು ನೋಡೋಣ."

ಹಿರಿಯರ ಗೋರಿಯನ್ನು ಮನೆಯ ಮುಂದೆಯೇ ಕಟ್ಟುವ ನಾಡು ಅದು. ಅಲ್ಲಿ ಇದಕ್ಕಿಂತ ಕೆಟ್ಟ ಮಾತಿಲ್ಲ.

ತಲಿತಾ ತನ್ನ ಅರ್ಧ ಹೆಣೆದ ಚಾಪೆಯನ್ನು ಸುತ್ತಿಕೊಂಡು ಹೊರಟುಹೋದಳು.

ಸಂಜೆ ಸೆಫಿನಾ ಹೇಳಿದಳು: "ತಲಿತಾಳ ಮನೆಯವರು ದೋಣಿಗೆ ಸಾಮಾನು ಹೇರುತ್ತಿದ್ದಾರೆ. ನಾಳೆ ಉಬ್ಬರ ಬಂದಾಗ ಊರು ಬಿಡುತ್ತಾರಂತೆ."

"ನಾನು ಸುಳ್ಳು ಹೇಳಲಿಲ್ಲ, ಅಮ್ಮ."

"ಇಲ್ಲ. ನಿಮ್ಮ ಮನೆಯ ಮೊದಲ ಹಿರಿಯ ಈ ಊರಿಗೆ ಹೇಗೆ ಬಂದ?"

"ಪೂರ್ವದ ದ್ವೀಪದಿಂದ, ದೋಣಿಯಲ್ಲಿ. ಅದು ಎಲ್ಲರಿಗೂ ಗೊತ್ತು."

"ಯಾಕೆ ಬಂದ?"

"ಅದನ್ನು ನಮ್ಮ ಮನೆಯಲ್ಲಿ ಹೇಳುವುದಿಲ್ಲ."

"ಒಳ್ಳೆಯ ಮನೆತನ" ಎಂದು ಸೆಫಿನಾ ನಕ್ಕಳು.

ಲೂಪೆಯ ಮುಖ ಕೆಂಪಾಯಿತು. ತನ್ನ ಚಾಪೆಯನ್ನು ಮಡಚಿ ಗುರುವಿನ ಮುಂದಿಟ್ಟಳು. "ಬೇಕಾದರೆ ಇದನ್ನೇ ಅವಳಿಗೆ ಕಳಿಸಿಕೊಡಿ. ಇದಕ್ಕಿಂತ ಹೆಚ್ಚಿನದು ನನ್ನ ಬಳಿ ಇಲ್ಲ."

"ನಾನೇ ಒಯ್ಯುತ್ತೇನೆ" ಎಂದಳು ಸೆಫಿನಾ.

ಸಮೋವಾದ ಹಳೆಯ ಮನೆಗಳಿಗೆ ಗೋಡೆಯಿಲ್ಲ, ಕಂಬಗಳಷ್ಟೇ. ಹಾಗಾಗಿ ಬೆಳಗಾಗುತ್ತಲೇ ಇಡೀ ಊರು ನೋಡಿತು. ತಲಿತಾಳ ಮನೆಯ ಅಂಗಳದಲ್ಲಿ ಯಾರೋ ಚಾಪೆಯೊಂದನ್ನು ತಲೆಯ ಮೇಲಿಂದ ಹೊದ್ದು, ಬಾಗಿ ಕೂತಿದ್ದರು.

ಅದರ ಅರ್ಥ ಅಲ್ಲಿನ ಮಕ್ಕಳಿಗೂ ಗೊತ್ತು. ದೊಡ್ಡ ತಪ್ಪು ನಡೆದಾಗ, ತಪ್ಪು ಮಾಡಿದವರ ಪರವಾಗಿ ಹಿರಿಯರು ನೊಂದವರ ಅಂಗಳಕ್ಕೆ ಬಂದು ಹೀಗೆ ಕೂರುತ್ತಾರೆ. ಒಳಗಿನವರು ಬಂದು ಚಾಪೆ ಎತ್ತಿದರೆ ಕ್ಷಮಿಸಿದಂತೆ. ಎತ್ತದಿದ್ದರೆ ಕೂತೇ ಇರಬೇಕು.

ಲೂಪೆ ಕೆಂಪು ಗರಿಯ ಅಂಚನ್ನು ದೂರದಿಂದಲೇ ಗುರುತಿಸಿದಳು. ಓಡಿಬಂದಳು.

ಬಿಸಿಲು ಏರಿತ್ತು. ಮರಳಿನ ಮೇಲಿದ್ದ ದೋಣಿಯ ತಳಕ್ಕೆ ನೀರು ತಾಕುತ್ತಿತ್ತು. ತಲಿತಾಳ ತಂದೆ ಅಂಗಳಕ್ಕೆ ಬೆನ್ನು ಹಾಕಿ ಹಗ್ಗ ಬಿಗಿಯುತ್ತಿದ್ದ. ತಲಿತಾ ಕಂಬ ಹಿಡಿದು ನಿಂತಿದ್ದಳು.

"ಅಮ್ಮ, ಏಳಿ. ತಪ್ಪು ನಿಮ್ಮದಲ್ಲ."

"ಮತ್ತೆ ಯಾರದು?" ಎಂದಿತು ಚಾಪೆಯ ಕೆಳಗಿನ ದನಿ.

ಲೂಪೆ ಸುತ್ತ ನೋಡಿದಳು. "ನಿಮಗೆ ವಯಸ್ಸಾಗಿದೆ. ಈ ಬಿಸಿಲಿನಲ್ಲಿ ಎಷ್ಟು ಹೊತ್ತು ಕೂರುತ್ತೀರಿ?"

"ಚಾಪೆ ಚೆನ್ನಾಗಿದೆ, ಬಿಸಿಲು ಒಳಗೆ ಬರುವುದಿಲ್ಲ. ಅಂಚು ಮಾತ್ರ ಸ್ವಲ್ಪ ಬಿಗಿ."

ನೆರೆಮನೆಯ ಹೆಂಗಸೊಬ್ಬಳು ಬಾಯಿಗೆ ಕೈ ಅಡ್ಡ ಹಿಡಿದಳು.

ಲೂಪೆ ಮಂಡಿಯೂರಿ, ಚಾಪೆಯ ಹತ್ತಿರ ಬಾಯಿ ತಂದು ಪಿಸುಗುಟ್ಟಿದಳು: "ಊರೆಲ್ಲ ನೋಡುತ್ತಿದೆ, ಅಮ್ಮ. ಏಳು ತಲೆಮಾರಿನಿಂದ ನಮ್ಮವರು ಯಾರ ಅಂಗಳದಲ್ಲೂ ಹೀಗೆ ಕೂತವರಲ್ಲ."

"ಆ ಏಳು ತಲೆಮಾರಿನವರೂ ನಸುಕಿನಿಂದ ನನ್ನ ಜೊತೆ ಈ ಚಾಪೆಯ ಕೆಳಗೇ ಕೂತಿದ್ದಾರೆ. ಹೊರಗಿರುವವಳು ನೀನೊಬ್ಬಳೇ. ಕ್ಷಮೆ ಕೇಳು."