ತಾರೀಖಿನ ಚೀಟಿ

"ಮೇಡಂ, ನಾನು ಯಾರ ನಾಟಕಗಳ ಮೇಲೆ ಸಂಶೋಧನೆ ಮಾಡುತ್ತಿದ್ದೇನೋ ಅವರು ಇದೇ ಊರಿನಲ್ಲಿದ್ದಾರೆ. ಈಗ ಅವರಿಗೆ ಎಂಬತ್ತೊಂದು ವರ್ಷ. ಅವರನ್ನು ನೋಡಲು ನಾನು ಯಾವಾಗ ಹೋಗಬೇಕು?" ಎಂದು ಇಂದುಮತಿ ಕೇಳಿದಳು.

ಇಂಗ್ಲಿಷಿನಲ್ಲಿ ಬರೆಯುವ ಒಬ್ಬ ನಾಟಕಕಾರರನ್ನು ಕುರಿತು ಅವಳು ಮೂರು ವರ್ಷಗಳಿಂದ ಪ್ರಬಂಧ ಸಿದ್ಧಪಡಿಸುತ್ತಿದ್ದಳು. ಅವಳ ಈ ಗುರುಗಳು ಕಾಲೇಜಿನಲ್ಲಿ ಮೂವತ್ತನಾಲ್ಕು ವರ್ಷ ಇಂಗ್ಲಿಷ್ ಸಾಹಿತ್ಯ ಕಲಿಸಿ ನಿವೃತ್ತರಾದವರು.

"ನಿನಗೇನು ಅನ್ನಿಸುತ್ತದೆ?" ಎಂದರು ಗುರುಗಳು.

"ಪ್ರಬಂಧ ಮುಗಿದ ಮೇಲೆ ಹೋಗುವುದೇ ಸರಿ ಅನ್ನಿಸುತ್ತದೆ. ಮೊದಲೇ ಹೋದರೆ ಅವರ ಮಾತು ಕೇಳಿ ನನ್ನ ಅಭಿಪ್ರಾಯ ಬದಲಾಗಬಹುದು. ಅರ್ಧ ಓದಿಕೊಂಡು ಅವರ ಎದುರು ಕೂರಲು ನಾಚಿಕೆಯೂ ಆಗುತ್ತದೆ."

ಗುರುಗಳು ಕನ್ನಡಕ ತೆಗೆದು ಮಡಿಸಿಟ್ಟು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕವಿ ಇದ್ದ. ಮನೆಯಲ್ಲಿ, ಬೀದಿಯಲ್ಲಿ, ಸಂತೆಯಲ್ಲಿ ಅವನು ಆಡುತ್ತಿದ್ದುದು ಕನ್ನಡ. ಕವಿತೆಯನ್ನು ಮಾತ್ರ ಇಂಗ್ಲಿಷಿನಲ್ಲಿ ಬರೆಯುತ್ತಿದ್ದ. ಏಕೆಂದು ಅವನಿಗೂ ಗೊತ್ತಿರಲಿಲ್ಲ. ಅವು ಹಾಗೆಯೇ ಬರುತ್ತಿದ್ದವು. ಊರಿನವರು ಅವನನ್ನು ಇಂಗ್ಲಿಷ್ ಕವಿ ಎಂದು ಕರೆದು, ನಮಸ್ಕಾರ ಮಾಡಿ, ಮುಂದೆ ಹೋಗುತ್ತಿದ್ದರು. ಇಂಗ್ಲಿಷಿನವರಿಗೆ ಆ ಊರು ಎಲ್ಲಿದೆಯೆಂದೇ ತಿಳಿದಿರಲಿಲ್ಲ. ಅವನ ಒಂದು ಪುಸ್ತಕ ಅಚ್ಚಾಯಿತು. ಓದಿದೆ ಎಂದು ಯಾರೂ ಹೇಳಲಿಲ್ಲ. ಅವನು ಬರೆಯುವುದನ್ನು ನಿಲ್ಲಿಸಿದ. ಹಾಗೆಯೇ ಹನ್ನೊಂದು ವರ್ಷ ಕಳೆಯಿತು.

ಕಾಲೇಜಿನ ಗ್ರಂಥಾಲಯದಲ್ಲಿ ಆ ಪುಸ್ತಕದ ಒಂದು ಪ್ರತಿ ಇತ್ತು. ಕವಿ ಪ್ರತಿ ಶನಿವಾರ ಅಲ್ಲಿಗೆ ಪತ್ರಿಕೆ ಓದಲು ಹೋಗುತ್ತಿದ್ದ. ಹೊರಡುವ ಮುನ್ನ ತನ್ನ ಪುಸ್ತಕವನ್ನು ಕಪಾಟಿನಿಂದ ತೆಗೆದು ಕೊನೆಯ ಹಾಳೆ ನೋಡುತ್ತಿದ್ದ. ಅಲ್ಲಿ ಒಂದು ಚೀಟಿ ಅಂಟಿಸಿರುತ್ತದೆ. ಯಾರಾದರೂ ಪುಸ್ತಕವನ್ನು ಮನೆಗೆ ಒಯ್ದರೆ, ಹಿಂತಿರುಗಿಸಬೇಕಾದ ತಾರೀಖಿನ ಮೊಹರನ್ನು ಅದರ ಮೇಲೆ ಒತ್ತುತ್ತಾರೆ. ಹನ್ನೊಂದು ವರ್ಷವೂ ಆ ಚೀಟಿ ಖಾಲಿ ಇತ್ತು.

ಒಂದು ಶನಿವಾರ ಪುಸ್ತಕ ಕಪಾಟಿನಲ್ಲಿ ಇರಲಿಲ್ಲ. ಮುಂದಿನ ಶನಿವಾರ ಇತ್ತು. ಚೀಟಿಯ ಮೇಲೆ ಒಂದು ನೇರಳೆ ಮೊಹರು ಬಿದ್ದಿತ್ತು. ಎರಡು ವಾರದ ಮೇಲೆ ಇನ್ನೊಂದು ಬಿತ್ತು. ಐದು ಮೊಹರು ಆದಾಗ ಕವಿ ತಡೆಯಲಾರದೆ ಗ್ರಂಥಪಾಲಕನ ಮೇಜಿನ ಬಳಿ ಹೋದ.

"ಇವರು ಐದು ಜನವೋ, ಒಬ್ಬರೋ?"

"ಒಬ್ಬರೇ ಸ್ವಾಮಿ. ಹೆಸರು ಬೇಕಾ? ರಿಜಿಸ್ಟರ್ ತೆಗೀತೀನಿ."

"ಬೇಡ, ಬೇಡ. ಒಬ್ಬರೇ ಅಂದಿರಲ್ಲ, ಅಷ್ಟು ಸಾಕು."

ಆ ವಾರ ಕವಿ ಒಂದು ಕವಿತೆ ಬರೆದ.

ಪುಸ್ತಕ ಒಯ್ಯುತ್ತಿದ್ದವಳು ಒಬ್ಬ ಸಂಶೋಧಕಿ. ಒಬ್ಬರೇ ಮತ್ತೆ ಒಯ್ಯಬೇಕಾದರೆ ಪುಸ್ತಕ ಒಂದು ದಿನವಾದರೂ ಕಪಾಟಿನಲ್ಲಿ ಇರಬೇಕೆಂಬ ನಿಯಮವಿತ್ತು. ಅವಳು ಎರಡು ವಾರಕ್ಕೊಮ್ಮೆ ಶುಕ್ರವಾರ ತಂದುಕೊಟ್ಟು ಸೋಮವಾರ ಮತ್ತೆ ಒಯ್ಯುತ್ತಿದ್ದಳು. ಕವಿ ಬಳಸಿದ ಒಂದೊಂದು ಉಪಮೆಗೂ ಒಂದೊಂದು ಕಾರ್ಡು ಬರೆದು, ತಾರೀಖು ಹಾಕಿ, ಪೆಟ್ಟಿಗೆಯಲ್ಲಿ ಜೋಡಿಸಿದ್ದಳು. ಒಂದು ಕಾರ್ಡೂ ಕಳೆದಿರಲಿಲ್ಲ. ಅವಳ ಮಾರ್ಗದರ್ಶಕರು ಮೊದಲ ದಿನವೇ ಎಚ್ಚರಿಸಿದ್ದರು. "ಬದುಕಿರುವವರನ್ನು ಆರಿಸಿಕೊಂಡಿದ್ದೀಯ. ನೀನು ಕೊನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ಅವರು ಇನ್ನೊಂದು ಪುಸ್ತಕ ಬರೆದು ನಿನ್ನ ಗ್ರಂಥಸೂಚಿ ಕೆಡಿಸುತ್ತಾರೆ. ಹತ್ತಿರ ಮಾತ್ರ ಹೋಗಬೇಡ."

ಅವಳು ಹೋಗಲಿಲ್ಲ. ಆದರೆ ಎರಡು ಸಲ ಅವನ ಮನೆಯ ಬೀದಿಯವರೆಗೆ ನಡೆದಿದ್ದಳು. ಅವನು ಗೇಟಿನ ಪಕ್ಕದ ಬಳ್ಳಿಗೆ ನೀರು ಹಾಕುತ್ತಿದ್ದುದನ್ನು ಕಂಡು ಎರಡು ಸಲವೂ ತಿರುಗಿ ಬಂದಿದ್ದಳು.

ಗ್ರಂಥಪಾಲಕ ಅವಳನ್ನು ಛೇಡಿಸುತ್ತಿದ್ದ. "ಏನಮ್ಮ, ಈ ಪುಸ್ತಕ ನಿನ್ನನ್ನು ಬಿಡೋದಿಲ್ಲವೋ, ನೀನು ಅದನ್ನು ಬಿಡೋದಿಲ್ಲವೋ? ಬರೆದವರೇ ಶನಿವಾರ ಶನಿವಾರ ಆ ಕಿಟಕಿ ಪಕ್ಕ ಕೂತಿರುತ್ತಾರೆ. ಒಂದು ಸಲ ಒಂದು ದಿನ ತಡವಾಗಿ ಬಾ, ದಂಡ ನಾನು ಹಾಕೋದಿಲ್ಲ."

"ಪ್ರಬಂಧ ಮುಗಿಯಲಿ ಸಾರ್. ಮೊದಲ ಪ್ರತಿ ಹಿಡಿದುಕೊಂಡೇ ಅವರ ಮುಂದೆ ನಿಲ್ಲುತ್ತೇನೆ."

"ಅಲ್ಲಿವರೆಗೂ ಅವರು ಕೂತಿರಬೇಕಲ್ಲ ತಾಯಿ!" ಎಂದು ಅವನು ನಕ್ಕ.

ಎರಡು ವರ್ಷದಲ್ಲಿ ಕವಿಯ ಹತ್ತೊಂಬತ್ತು ಹೊಸ ಕವಿತೆಗಳು ಒಂದು ಸಣ್ಣ ಪತ್ರಿಕೆಯಲ್ಲಿ ಬಂದವು. ಅವನು ಹಿಂದೆ ಬರೆದ ಯಾವ ಕವಿತೆಯೂ ಯಾರನ್ನೂ ಉದ್ದೇಶಿಸಿರಲಿಲ್ಲ. ಈ ಹತ್ತೊಂಬತ್ತರಲ್ಲೂ 'ನೀನು' ಎಂಬ ಒಬ್ಬರು ಇದ್ದರು. ನೀನು ಬಂದು ಹೋದ ಗುರುತು ಕಂಡೆ, ನಿನ್ನ ಮುಖ ಕಾಣಲಿಲ್ಲ ಎಂಬ ಅರ್ಥದ ಮಾತುಗಳು ಮತ್ತೆ ಮತ್ತೆ ಬರುತ್ತಿದ್ದವು. ಸಂಶೋಧಕಿ 'ನೀನು ಯಾರು?' ಎಂದು ಒಂದು ಅಧ್ಯಾಯವನ್ನೇ ಬರೆದಳು. ಆ 'ನೀನು' ದೇವರಿರಬಹುದು, ತೀರಿಕೊಂಡ ಹೆಂಡತಿ ಇರಬಹುದು, ಅಥವಾ ಕವಿತೆಯೊಳಗೆ ಕರೆದುಕೊಳ್ಳದ ಕನ್ನಡವೇ ಇರಬಹುದು ಎಂದಳು. ಆ ಅಧ್ಯಾಯಕ್ಕೆ ಅರವತ್ತನಾಲ್ಕು ಅಡಿಟಿಪ್ಪಣಿಗಳಿದ್ದವು.

ಆಮೇಲೆ ಪ್ರಬಂಧವನ್ನು ಕೊನೆಯದಾಗಿ ತಿದ್ದಿ ಬರೆಯುವ ಕಾಲ ಬಂತು. ಗ್ರಂಥಾಲಯದ ಪುಸ್ತಕದ ಮೇಲೆ ಗೆರೆ ಎಳೆಯುವಂತಿಲ್ಲ. ಅವಳು ಇಡೀ ಪುಸ್ತಕವನ್ನು ಜೆರಾಕ್ಸ್ ಮಾಡಿಸಿಕೊಂಡು, ಒಂದು ಶುಕ್ರವಾರ ಹಿಂತಿರುಗಿಸಿದಳು. ಸೋಮವಾರ ಒಯ್ಯಲಿಲ್ಲ. ಈಗ ಅದರ ಅಗತ್ಯವಿರಲಿಲ್ಲ. ಅದೇ ತಿಂಗಳು ಹಳೆಯ ಗ್ರಂಥಪಾಲಕನಿಗೆ ವರ್ಗವಾಯಿತು.

ಚೀಟಿಯ ಮೇಲೆ ಆಗ ನಲವತ್ತೆಂಟು ಮೊಹರುಗಳಿದ್ದವು. ಲೆಕ್ಕದ ಪ್ರಕಾರ ಪುಸ್ತಕ ಹೊರಗೆ ಹೋಗಿರಬೇಕಿದ್ದ ಶನಿವಾರವೂ ಅದು ಕಪಾಟಿನಲ್ಲೇ ಇರುವುದನ್ನು ಕವಿ ಕಂಡ. ಅದರ ಮುಂದಿನ ಶನಿವಾರವೂ ಇತ್ತು. ಎರಡು ತಿಂಗಳು ನೋಡಿ ಹೊಸ ಗ್ರಂಥಪಾಲಕನನ್ನು ಕೇಳಿದ. ಅವನು ರಿಜಿಸ್ಟರ್ ತಿರುವಿ, "ಯಾರೂ ಒಯ್ದಿಲ್ಲ" ಎಂದ. ಅದು ನಿಜವೇ ಆಗಿತ್ತು. ಓದುವವರಿಗೆ ಬೇಸರ ಬಂದಿರಬಹುದು ಎಂದು ಕವಿ ಅಂದುಕೊಂಡ. ಆಮೇಲೆ, ಕಾಯಿಲೆ ಬಿದ್ದಿರಬಹುದು ಎಂದುಕೊಂಡ. ಎರಡನೆಯದು ಅವನನ್ನು ಹೆಚ್ಚು ಕಾಡಿತು. ಅವನು ಮತ್ತೆ ಕವಿತೆ ಬರೆಯಲಿಲ್ಲ.

ಪತ್ರಿಕೆಯಲ್ಲಿ ಕವಿತೆಗಳು ನಿಂತುಹೋದುದನ್ನು ಸಂಶೋಧಕಿ ಗಮನಿಸಿದಳು. ಕೊನೆಗೆ ಇನ್ನೊಂದು ಅಧ್ಯಾಯ ಸೇರಿಸಿದಳು. ಅದರ ಹೆಸರು 'ಮೌನ'. ಪರಭಾಷೆಯಲ್ಲಿ ಬರೆಯುವವನು ಒಂದು ದಿನ ಮೌನಕ್ಕೆ ಶರಣಾಗಲೇಬೇಕು ಎಂದು ಅದರಲ್ಲಿ ಸಾಧಿಸಿ ತೋರಿಸಿದಳು. ಪರೀಕ್ಷಕರು ಎಲ್ಲಕ್ಕಿಂತ ಹೆಚ್ಚು ಹೊಗಳಿದ್ದು ಆ ಅಧ್ಯಾಯವನ್ನು.

ಅವಳು ಪ್ರಬಂಧ ಒಪ್ಪಿಸುವುದಕ್ಕೆ ಹದಿನೇಳು ದಿನ ಮೊದಲು ಕವಿ ತೀರಿಕೊಂಡ. ಸುದ್ದಿ ಹೇಳಿದವರು ಮಾರ್ಗದರ್ಶಕರೇ. "ಪಾಪ, ಒಳ್ಳೆಯ ಮನುಷ್ಯ. ಇನ್ನು ನಿನ್ನ ಗ್ರಂಥಸೂಚಿಗೆ ಯಾವ ಭಯವೂ ಇಲ್ಲ" ಎಂದರು.

ಅವಳಿಗೆ ಪದವಿ ಬಂತು. ಪ್ರಬಂಧದ ಒಂದು ಪ್ರತಿಯನ್ನು ಗ್ರಂಥಾಲಯಕ್ಕೆ ಕೊಡುವುದು ರೂಢಿ. ಅವಳು ರಟ್ಟು ಕಟ್ಟಿಸಿದ ಪ್ರತಿಯನ್ನು ತಂದು, ಕೇಳಿಕೊಂಡು, ಕವಿಯ ಪುಸ್ತಕದ ಪಕ್ಕದಲ್ಲೇ ಇಟ್ಟಳು. ಬಹಳ ದಿನಗಳ ಮೇಲೆ ಆ ಪುಸ್ತಕವನ್ನು ಕೈಗೆ ತೆಗೆದುಕೊಂಡಳು. ಕೊನೆಯ ಹಾಳೆ ತೆರೆದಳು. ನಲವತ್ತೆಂಟು ಮೊಹರುಗಳೂ ಅವಳವೇ. ಕೊನೆಯ ಮೊಹರಿನ ಕೆಳಗೆ ಪೆನ್ಸಿಲಿನಲ್ಲಿ ಒಂದು ಸಾಲು ಇತ್ತು. ಕನ್ನಡದಲ್ಲಿತ್ತು.

"ಓದುವವರೇ, ಬಹಳ ದಿನವಾಯಿತು. ಕ್ಷೇಮವೇ?"

ಅದರ ಪಕ್ಕದಲ್ಲಿ ತಾರೀಖು ಹಾಕಿತ್ತು. ಒಂದು ಶನಿವಾರ. ಅವಳು ಮನೆಗೆ ಹೋಗಿ ತನ್ನ ದಿನಚರಿ ತೆಗೆದು ನೋಡಿದಳು. 'ಮೌನ' ಅಧ್ಯಾಯದ ಮೊದಲ ಪುಟವನ್ನು ಅವಳು ಬರೆದದ್ದು ಅದೇ ದಿನ. ಅವಳ ಎರಡು ಅಧ್ಯಾಯಗಳಿಗೂ ಉತ್ತರ ಆ ಒಂದು ಸಾಲಿನಲ್ಲಿತ್ತು.

ಗುರುಗಳು ಕತೆ ನಿಲ್ಲಿಸಿದರು.

ಇಂದುಮತಿ ಕೇಳಿದಳು. "ಅದರ ಕೆಳಗೆ ಅವಳು ಏನೆಂದು ಉತ್ತರ ಬರೆದಳು, ಮೇಡಂ?"

ಗುರುಗಳು ಹೇಳಿದರು: "ಆ ಚೀಟಿಯಲ್ಲಿ ಇನ್ನೂ ಎರಡು ಸಾಲಿನ ಜಾಗ ಹಾಗೆಯೇ ಉಳಿದಿದೆ."